ಬೆಳಕಿದ್ದರೂ ಕಾಣುವ ಕ್ಯಾಮೆರಾ

ನನ್ನ ಅಕ್ಕನಿಗೆ,

ಈ ಪತ್ರವನ್ನು ಅಮ್ಮನ ಕೈಗೆ ಕೊಟ್ಟು ಓದಿಸಿಕೊಳ್ಳಬೇಡ. ಮಲಗಿಕೊಂಡು ಹಾಳೆ ಎತ್ತಿ ಹಿಡಿದರೆ ತೋಳು ನೋಯುತ್ತದೆ ಅಂತ ಗೊತ್ತು. ಆದರೂ ನೀನೇ ಓದು. ಚಿಕ್ಕಮ್ಮ ಬಂದು ಇಣುಕಿದರೆ ಕ್ಯಾಮೆರಾ ವಿಷಯ ಅನ್ನು. ಅದು ಸುಳ್ಳಲ್ಲ, ಕ್ಯಾಮೆರಾ ವಿಷಯವೇ ಇದು. ಅದರ ಹಿಂದೆ ಇನ್ನೊಂದಿದೆ. ಅದನ್ನು ಬರೆಯಲು ನನಗೆ ಹೆದರಿಕೆ.

ಫೋನಿನಲ್ಲೇ ಹೇಳೋಣ ಅಂತ ಮೂರು ಸಲ ಹೊರಟೆ. ಮೂರು ಸಲವೂ ನೀನು "ಏನೋ ಬುಗುರಿ, ಎಲ್ಲಿ ತಿರುಗ್ತಾ ಇದೀಯ?" ಅಂದೆ. ನಾನು "ಅಕ್ಕಾ, ಒಂಚೂರು ಕೆಲಸ ಇದೆ" ಅಂತ ಇಟ್ಟುಬಿಟ್ಟೆ. ಕಾಗದವಾದರೆ ಮಧ್ಯೆ ಬಾಯಿ ಹಾಕುವುದಿಲ್ಲ, ನಗುವುದಿಲ್ಲ. ಹಾಗಾಗಿ ಕಾಗದ.

ಮನೆಯಲ್ಲಿ ನನಗೆ ನೇರ ಮಾತಿನವನು ಅಂತ ಹೆಸರು. ಹತ್ತನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂರಲಾರದೆ ಶಾಲೆ ಬಿಟ್ಟಾಗ ಅಮ್ಮ, "ಜ್ವರ ಬಂದು ಒಂದು ವರ್ಷ ಹೋಯ್ತು ಅಂತ ಹೇಳೋಣ ನೆಂಟರಿಗೆ" ಅಂದಳು. ನಾನು ಚಿಕ್ಕಮ್ಮನ ಎದುರಿಗೇ "ಜ್ವರಗಿರ ಏನಿಲ್ಲ, ನನಗೆ ಕೂರೋಕಾಗಲ್ಲ, ಅದಕ್ಕೇ ಬಿಟ್ಟೆ" ಅಂದುಬಿಟ್ಟೆ. ಅಮ್ಮ ಒಂದು ವಾರ ಮಾತು ಬಿಟ್ಟಳು. ನೀನು ಮಾತ್ರ ನಕ್ಕೆ. ಎರಡು ತಿಂಗಳಾದ ಮೇಲೆ ಟೆಲಿಸ್ಕೋಪಿನ ಪೆಟ್ಟಿಗೆ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೂರು ಮಹಡಿ ಹತ್ತಿ ಬಂದೆ. "ಶಾಲೆ ಬಿಟ್ಟವನಿಗೆ ಬಹುಮಾನ ಬೇರೆ ಕೇಡು!" ಅಂತ ಅಮ್ಮ ಕೂಗಿದಳು. "ಬಹುಮಾನ ಅಲ್ಲಮ್ಮ, ಗೂಟ ಇದು. ಕಟ್ಟಿಹಾಕಿದರೆ ಒಂದು ಕಡೆ ನಿಲ್ತಾನೆ" ಅಂದೆ ನೀನು. ನಿಂತೆ, ಅಕ್ಕ. ಜೀವನದಲ್ಲಿ ಆ ಗಾಜಿನ ಮುಂದೆ ಮಾತ್ರ ನಿಂತೆ. ದಿನವಿಡೀ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ರಕ್ತದ ಕಣ ಎಣಿಸಿ ಬಂದರೂ ನೀನು ಟೆರೇಸಿಗೆ ಬರುತ್ತಿದ್ದೆ. ಇನ್ನೊಂದು ಕಣ್ಣು ಮುಚ್ಚಬೇಡ, ತೆರೆದೇ ಇಡು, ಆಗ ಆಯಾಸವಾಗುವುದಿಲ್ಲ ಅಂತ ನನಗೆ ಕಲಿಸಿದವಳು ನೀನು.

ಎರಡು ತಿಂಗಳ ಹಿಂದೆ ಫೋನಿನಲ್ಲಿ ನೀನೇ ಮಾತು ತೆಗೆದೆ. "ನೋಡು, ನಾನಂತೂ ಸದ್ಯಕ್ಕೆ ಆ ಮೆಟ್ಟಿಲು ಹತ್ತಲ್ಲ. ಅದು ಅಲ್ಲಿ ಧೂಳು ತಿಂತಾ ಕೂತಿದೆ, ನಾನಿಲ್ಲಿ ಮಾತ್ರೆ ತಿಂತಾ ಬಿದ್ದಿದೀನಿ. ಅದಕ್ಕೊಂದು ಕ್ಯಾಮೆರಾ ಹಾಕು. ನೀನು ಅಲ್ಲಿಂದ ತೋರಿಸು, ನಾನು ಇಲ್ಲಿಂದ ನೋಡ್ತೀನಿ. ದುಡ್ಡಿನ ಮಾತು ನನಗೆ ಬಿಡು. ಯಾವುದು ಅಂತ ನೀನೇ ಆರಿಸು, ನನಗೆ ಅದರ ತಲೆಬುಡ ಗೊತ್ತಿಲ್ಲ."

ಆರಿಸಲು ಎರಡು ದಿನ ಸಾಕಿತ್ತು. ನಾನು ಎರಡು ತಿಂಗಳು ತೆಗೆದುಕೊಂಡೆ. ಕೇಳಿದಾಗಲೆಲ್ಲ "ಇನ್ನೂ ಓದ್ತಾ ಇದೀನಿ ಅಕ್ಕ" ಅಂದೆ.

ಓದಿದ್ದು ನಿಜ. ಅಂಗಡಿಯಲ್ಲಿ ಕೂತು ಓದಿದೆ, ಗಿರಾಕಿಗಳ ಮನೆಯಲ್ಲಿ ಏಣಿಯ ಮೇಲೆ ನಿಂತು ಓದಿದೆ. ನಮ್ಮದು ಕಳ್ಳರನ್ನು ಕಾಯುವ ಕ್ಯಾಮೆರಾ ಹಾಕುವ ಅಂಗಡಿಯಲ್ಲವೇ, ಯಜಮಾನರು ಒಂದು ದಿನ ನನ್ನ ಫೋನು ಕಿತ್ತುಕೊಂಡು ನೋಡಿದರು. "ಏನಯ್ಯಾ ಇದು, ಕ್ಯಾಮೆರಾ ಅಂತೀಯ, ಲೆನ್ಸೇ ಇಲ್ಲ?" ಅಂದರು. "ಟೆಲಿಸ್ಕೋಪೇ ಅದರ ಲೆನ್ಸು ಸರ್" ಅಂದೆ. "ಎಲ್ಲಿಗೆ ಹಾಕ್ತೀಯ?" "ಆಕಾಶಕ್ಕೆ." "ಅಲ್ಲಿ ಯಾರಯ್ಯಾ ಕದಿಯೋಕೆ ಬರ್ತಾರೆ! ನಮ್ಮದೇ ಒಂದು ತಗೊಂಡು ಹೋಗು. ಮೂರು ವರ್ಷ ಗ್ಯಾರಂಟಿ. ಒಂದು ನಕ್ಷತ್ರ ಕಮ್ಮಿ ಆದರೂ ನನ್ನ ಬಂದು ಕೇಳು." ಎಲ್ಲರೂ ನಕ್ಕರು, ನಾನೂ ನಕ್ಕೆ.

ಆ ಕ್ಯಾಮೆರಾ ಕೆಲಸ ಮಾಡುವುದು ಹೀಗೆ. ಟೆಲಿಸ್ಕೋಪಿನಲ್ಲಿ ನಾವು ಕಣ್ಣಿಡುವ ಗಾಜನ್ನು ತೆಗೆದು ಆ ತೂತಿಗೆ ಇದನ್ನು ಸಿಕ್ಕಿಸಬೇಕು. ಸ್ಟ್ಯಾಂಡಿನ ಮೋಟಾರು ನಕ್ಷತ್ರದ ಹಿಂದೆಯೇ ತಿರುಗುತ್ತಿರುತ್ತದೆ. ಕ್ಯಾಮೆರಾ ಹತ್ತು ಸೆಕೆಂಡಿಗೊಂದು ಚಿತ್ರ ತೆಗೆದು ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಲ್ಯಾಪ್‌ಟಾಪು ಅವನ್ನು ಒಂದರ ಮೇಲೊಂದು ಪೇರಿಸಿ ಹೊಂದಿಸುತ್ತದೆ. ಮೊದಲ ಚಿತ್ರದಲ್ಲಿ ಬರೀ ಮರಳು ಎರಚಿದ ಹಾಗೆ. ಐದನೆಯದರ ಹೊತ್ತಿಗೆ ಏನೋ ಮಸುಕು. ಮೂವತ್ತು ದಾಟಿದರೆ ಅದೇ ಮಸುಕಿಗೆ ಅಂಚು, ಸುರುಳಿ. ಕೂತು ನೋಡನೋಡುತ್ತಿದ್ದಂತೆಯೇ ಮೂಡುತ್ತದೆ, ಆಮೇಲೆ ವಾರಗಟ್ಟಲೆ ತಿದ್ದುವ ಕೆಲಸವಿಲ್ಲ. ಆ ಪರದೆಯನ್ನೇ ಚಿಕ್ಕಮ್ಮನ ಮನೆಯಲ್ಲಿರುವ ನಿನ್ನ ಫೋನಿನಲ್ಲೂ ನೋಡಬಹುದು.

ಕೊನೆಗೆ ನನ್ನ ಮುಂದೆ ಉಳಿದದ್ದು ಎರಡು. ಒಂದು ದೊಡ್ಡದು, ಕಪ್ಪು-ಬಿಳುಪಿನದು, ಹಿಂಬದಿಯಲ್ಲಿ ಫ್ಯಾನು ತಿರುಗಿ ತನ್ನನ್ನು ತಾನೇ ತಣ್ಣಗಿಟ್ಟುಕೊಳ್ಳುವಂಥದ್ದು. ಮಂಕು ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಣ್ಣ ಬೇಕೆಂದರೆ ಕೆಂಪು, ಹಸಿರು, ನೀಲಿ ಗಾಜುಗಳನ್ನು ಒಂದೊಂದಾಗಿ ಮುಂದಿಟ್ಟು ಮೂರು ಸಲ ತೆಗೆಯಬೇಕು. ಇನ್ನೊಂದು ಚಿಕ್ಕದು, ಬಣ್ಣದ್ದು, ಫ್ಯಾನಿಲ್ಲದ್ದು. ಅಂಗೈಯಲ್ಲಿ ಮುಚ್ಚಿಟ್ಟುಕೊಂಡರೆ ಕಾಣುವುದಿಲ್ಲ, ಅಷ್ಟೇ ಇದೆ.

ನಾನು ದೊಡ್ಡದನ್ನೇ ಹಿಡಿದು ಕೂತೆ. ನಿನಗೂ ಅದನ್ನೇ ಹೇಳಿದೆ, "ಮಾಡಿದರೆ ದೊಡ್ಡದಾಗೇ ಮಾಡಬೇಕು ಅಕ್ಕ" ಅಂತ. ನಿಜ ಹೇಳುತ್ತೇನೆ ಕೇಳು. ಅದು ಕಷ್ಟದ್ದು ಅಂತಲೇ ನನಗೆ ಬೇಕಾಗಿತ್ತು. ಕಲಿಯಲು ಆರು ತಿಂಗಳು ಬೇಕು. ಅದರ ಭಾರಕ್ಕೆ ನಮ್ಮ ಸ್ಟ್ಯಾಂಡು ತಡೆಯುವುದಿಲ್ಲ, ಅದನ್ನೂ ಬದಲಿಸಬೇಕು, ಇನ್ನಷ್ಟು ತಿಂಗಳು. ಅಲ್ಲಿಯವರೆಗೆ ನಾನು ಟೆರೇಸಿಗೆ ಹೋಗಬೇಕಾಗಿಲ್ಲ, ನೀನು ಟೆರೇಸಿನ ಮಾತು ತೆಗೆಯುವುದಿಲ್ಲ. ಎರಡು ತಿಂಗಳು ನಾನು ಆರಿಸುತ್ತಿದ್ದದ್ದು ತಡವನ್ನು.

ಹೀಗೇ ಓದುತ್ತಿದ್ದಾಗ ಒಂದು ದಿನ ಒಂದು ಸಾಲು ಸಿಕ್ಕಿತು. ಕ್ಯಾಮೆರಾದಲ್ಲಿ ನೋಡುವವರ ಕಣ್ಣು ಕತ್ತಲೆಗೆ ಒಗ್ಗಬೇಕಾಗಿಲ್ಲ, ಟೆಲಿಸ್ಕೋಪಿನ ಬಾಯಿಗೆ ನೇರವಾಗಿ ಬೆಳಕು ಬೀಳದಿದ್ದರೆ ಸಾಕು, ಹತ್ತಿರದಲ್ಲಿ ದೀಪ ಉರಿಯುತ್ತಿದ್ದರೂ ಅಡ್ಡಿಯಿಲ್ಲ ಅಂತ. ಬರೆದವರಿಗೆ ಅದು ಸಣ್ಣ ಅನುಕೂಲದ ಮಾತು. ನಾನು ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ. ಯಜಮಾನರು "ಹೊಟ್ಟೆ ಕೆಟ್ಟಿದೆಯೇನಯ್ಯಾ, ಮುಖ ಯಾಕೆ ಹಾಗಾಯ್ತು?" ಅಂತ ಕೇಳಿದರು.

ಅಕ್ಕ, ನೀನು ಬಿದ್ದ ಸಂಜೆ ಟೆರೇಸಿನ ಮೆಟ್ಟಿಲ ಬಲ್ಬು ಹೋಗಿರಲಿಲ್ಲ.

ನಾನು ಅದನ್ನು ಸಡಿಲ ಮಾಡಿಟ್ಟಿದ್ದೆ. ಅರ್ಧ ಸುತ್ತು, ಅಷ್ಟೇ. ಆ ಒಂದು ದಿನವಲ್ಲ, ಅದಕ್ಕೂ ಮುಂಚೆ ಒಂದು ತಿಂಗಳಿಂದ ಮಾಡುತ್ತಿದ್ದೆ. ಮಂಕು ವಸ್ತು ಕಾಣಬೇಕಾದರೆ ಕಣ್ಣು ಇಪ್ಪತ್ತು ನಿಮಿಷವಾದರೂ ಕತ್ತಲೆಯಲ್ಲಿರಬೇಕು. ಹಾಗೆ ಕಾದು ಕೂತಾಗಲೇ ಯಾರಾದರೂ ಒಣಗಿದ ಬಟ್ಟೆ ತೆಗೆಯಲು ಬಂದು ದೀಪ ಹಾಕುತ್ತಿದ್ದರು, ಕಣ್ಣು ಮತ್ತೆ ಮೊದಲಿನಂತಾಗುತ್ತಿತ್ತು, ಮತ್ತೆ ಇಪ್ಪತ್ತು ನಿಮಿಷ. ಜಗಳವಾಡಿ ಸಾಕಾಗಿ ಈ ಉಪಾಯ ಕಂಡುಕೊಂಡೆ. ಕೆಳಗಿಳಿಯುವಾಗ ಬಿಗಿ ಮಾಡಿ ಬರುತ್ತಿದ್ದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅವತ್ತು ಏಳೂವರೆ ಇರಬೇಕು. ಚಳಿ. ತ್ರಿಕೋನ ಅಂತ ಒಂದು ಪುಟ್ಟ ನಕ್ಷತ್ರಪುಂಜವಿದೆಯಲ್ಲ, ಅದರಲ್ಲಿರುವ ಗೆಲಾಕ್ಸಿಯನ್ನು ಹನ್ನೊಂದು ದಿನದಿಂದ ಹುಡುಕುತ್ತಿದ್ದೆ. ಮೆಟ್ಟಿಲ ಕಡೆ ತಿರುಗಿ "ಅಕ್ಕಾ, ಸ್ವೆಟರ್ ತಂದುಕೊಡೇ" ಅಂತ ಕೂಗಿದೆ. "ನಾನೇನು ನಿನ್ನ ಆಳಾ?" ಅಂದೆ ನೀನು ಕೆಳಗಿನಿಂದ. ಅಂದುಕೊಂಡೇ ಹೊರಟೆ. ಸ್ವಿಚ್ಚಿನ ಸದ್ದು ನನಗೆ ಕೇಳಿಸಿತು. ಟಕ್. ಟಕ್. ಟಕ್. ಮೂರು ಸಲ. "ಬಲ್ಬು ಹೋಗಿದೆ ಕಣೋ, ಫೋನು ತರ್ತೀನಿ ಇರು" ಅಂದೆ. ನಾನು ಏನು ಅಂದೆ ಗೊತ್ತಾ? ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. "ಟಾರ್ಚು ಬೇಡ, ಕಣ್ಣು ಕೆಡುತ್ತೆ, ಹಾಗೇ ಬಾರೇ, ಹದಿನಾಲ್ಕೇ ಮೆಟ್ಟಿಲು" ಅಂದೆ. ಬಲ್ಬು ನನ್ನ ತಲೆಯಿಂದ ಎರಡು ಮಾರು ದೂರದಲ್ಲಿತ್ತು. ಎದ್ದು ಹೋಗಿ ಕೈ ಎತ್ತಿ ಅರ್ಧ ಸುತ್ತು ತಿರುಗಿಸಿದ್ದರೆ ಆಗಿತ್ತು. ಇಪ್ಪತ್ತು ನಿಮಿಷ ಹಾಳಾಗುತ್ತದಲ್ಲ ಅಂತ ತಿರುಗಿಸಲಿಲ್ಲ.

ಇದರ ಮುಂದಿನದನ್ನು ನಾನು ಅಪ್ಪನಿಗೂ ಹೇಳಿಲ್ಲ. ನಿನಗೆ ಮೊದಲು.

ನೀನು ಹತ್ತುತ್ತಿರುವಾಗಲೇ ನನಗೆ ಆ ಗೆಲಾಕ್ಸಿ ಕಂಡಿತು. ಕನ್ನಡಿಯ ಮೇಲೆ ಉಸಿರು ಬಿಟ್ಟು ಅದು ಇನ್ನೇನು ಆರಿಹೋಗುವಾಗ ಉಳಿಯುತ್ತದಲ್ಲ, ಅಷ್ಟು ತೆಳು. ಅದೇ ಹೊತ್ತಿಗೆ ಸದ್ದಾಯಿತು. ಏನೋ ಉರುಳಿದ ಸದ್ದು, ಆಮೇಲೆ ಕಂಬಿಗೆ ಏನೋ ಬಡಿದದ್ದು. ನಾನು ಬಕೆಟ್ಟು ಬಿತ್ತು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಇಷ್ಟಪಟ್ಟೆ ಅಂತ ಬರೆದರೆ ಸರಿಯಾದೀತು. ಯಾಕೆಂದರೆ ಕಣ್ಣು ತೆಗೆದರೆ ಅದು ಮಾಯವಾಗುತ್ತದೆ ಅನ್ನಿಸಿತು. ಮೂರು ಉಸಿರು, ಅಕ್ಕ. ಮೂರು ಉಸಿರಿನಷ್ಟು ಹೊತ್ತು ನಾನು ಕಣ್ಣು ತೆಗೆಯಲಿಲ್ಲ. ಆಮೇಲೆ ನೀನು ನನ್ನನ್ನು ಕರೆದೆ. ಕೂಗಲಿಲ್ಲ, ಸಣ್ಣ ದನಿಯಲ್ಲಿ ಕರೆದೆ. ಆಗ ಓಡಿಬಂದೆ.

ಆಂಬುಲೆನ್ಸಿನವರು ನಿನ್ನನ್ನು ಇಳಿಸಿಕೊಂಡು ಹೋಗುವಾಗ ಅಪ್ಪ ಅಮ್ಮ ಹಿಂದೆಯೇ ಓಡಿದರು. "ಟೆಲಿಸ್ಕೋಪು ಒಳಗಿಟ್ಟು ಬರ್ತೀನಿ" ಅಂತ ನಾನು ಉಳಿದುಕೊಂಡೆ. ಮೊದಲು ಮಾಡಿದ ಕೆಲಸ ಬಲ್ಬು ಬಿಗಿ ಮಾಡಿದ್ದು. ಸ್ವಿಚ್ಚು ನೀನು ಒತ್ತಿಟ್ಟ ಹಾಗೇ ಇತ್ತು, ಕೈಯಲ್ಲೇ ಹತ್ತಿಕೊಂಡಿತು. ಬೆರಳು ಸುಟ್ಟಂತೆ ಹಿಂದಕ್ಕೆಳೆದುಕೊಂಡೆ. ಬಲ್ಬಿನ್ನೂ ತಣ್ಣಗಿತ್ತು.

ಆಮೇಲೆ ಏಳು ತಿಂಗಳು ಏನೇನಾಯಿತು ಅಂತ ನಿನಗೆ ಗೊತ್ತಿರುವುದು ಅರ್ಧ. ನಿನ್ನ ಸೊಂಟ, ನಿನ್ನ ಕಾಲು, ಎರಡು ಆಪರೇಷನ್ನು, ಮೆಟ್ಟಿಲಿಲ್ಲದ ಮನೆ ಬೇಕೆಂದು ಅಮ್ಮನ ಜೊತೆ ಚಿಕ್ಕಮ್ಮನ ಊರಿಗೆ ಹೋದದ್ದು ನಿನಗೆ ಗೊತ್ತು. ಅಪ್ಪನ ವಿಷಯ ಗೊತ್ತಿಲ್ಲ. ಹನ್ನೆರಡು ಮನೆಯ ಈ ಕಟ್ಟಡದ ಪಂಪು, ಪೈಪು, ದೀಪ ಎಲ್ಲ ಅವರ ಕೈಯಲ್ಲಿ. ಹದಿನೆಂಟು ವರ್ಷದಲ್ಲಿ ಒಬ್ಬರೂ ಬೊಟ್ಟು ಮಾಡಿ ತೋರಿಸಿರಲಿಲ್ಲ. ಈಗ "ಊರಿಗೆಲ್ಲ ದೀಪ ಹಾಕೋನು ಮಗಳ ಮೆಟ್ಟಿಲಿಗೆ ಹಾಕಲಿಲ್ಲ" ಅಂತ ಕೆಳಗಿನ ಮನೆಯವರು ಅಂದರು. "ಹೌದು, ನಾನು ನೋಡಿಕೊಳ್ಳಬೇಕಿತ್ತು" ಅಂದರು ಅಪ್ಪ. ನಾನು ಅಲ್ಲೇ ನಿಂತಿದ್ದೆ.

ಮರುದಿನ ಅವರು ನೋಡಿದಾಗ ಬಲ್ಬು ಹತ್ತಿತಲ್ಲ, ಹಾಗಾದರೆ ಹೋಲ್ಡರಿನಲ್ಲೇ ದೋಷ ಅಂದುಕೊಂಡರು. ಹೋಲ್ಡರು ಬಿಚ್ಚಿ ಹೊಸದು ಹಾಕಿದರು. ಹಳೆಯದನ್ನು ಎಸೆಯಲಿಲ್ಲ. ಭಾನುವಾರ ಬಂದರೆ ಕಿಟಕಿಯ ಹತ್ತಿರ ಕೂತು, ಕನ್ನಡಕ ಹಾಕಿಕೊಂಡು ಅದನ್ನು ಬಿಚ್ಚುತ್ತಾರೆ, ಉಜ್ಜುತ್ತಾರೆ, ಮತ್ತೆ ಜೋಡಿಸುತ್ತಾರೆ. ಇಲ್ಲದ ದೋಷವನ್ನು ಏಳು ತಿಂಗಳಿಂದ ಹುಡುಕುತ್ತಿದ್ದಾರೆ, ಅಕ್ಕ. ನಾನು ಪಕ್ಕದಲ್ಲಿ ಊಟ ಮಾಡುತ್ತಿರುತ್ತೇನೆ.

ಮೊನ್ನೆ ಭಾನುವಾರ ಅದನ್ನು ನನ್ನ ಕೈಗೇ ಕೊಟ್ಟರು. "ಒಳಗಿನ ತಗಡು ಸರಿಯಾಗೇ ಇದೆ, ತುಕ್ಕು ಹಿಡಿದಿಲ್ಲ, ವೈರು ಗಟ್ಟಿ ಇದೆ. ಮತ್ಯಾಕೆ ಹತ್ತಲಿಲ್ಲ ಹೇಳೋ? ನನಗೆ ವಯಸ್ಸಾಯ್ತು, ಕಾಣ್ತಿಲ್ಲ. ನೀನೂ ದಿನಾ ವೈರು ಹಿಡಿಯೋನು, ನೀನೇ ನೋಡು" ಅಂದರು. ಆ ಮಾತಿನಲ್ಲಿ ನನ್ನ ಮೇಲೆ ಅಷ್ಟು ನಂಬಿಕೆಯಿತ್ತು. ಹೇಳಿಬಿಟ್ಟೆ. ಬಲ್ಬಿನ ವಿಷಯ ಪೂರ್ತಿ ಹೇಳಿದೆ.

ಅಪ್ಪ ಹೊಡೆಯಲಿಲ್ಲ. ಹೊಡೆಯುತ್ತಾರೆ ಅಂತ ಕಾದೆ, ಹೊಡೆದಿದ್ದರೆ ಒಳ್ಳೆಯದಿತ್ತು. ಕನ್ನಡಕ ತೆಗೆದು ಮಡಿಸಿದರು. "ಅವಳಿಗೆ ಹೇಳಿದ್ದೀಯಾ?" ಅಂದರು. ಇಲ್ಲ ಅಂದೆ. "ಬಿದ್ದವಳು ಅವಳು. ಮೊದಲು ಅವಳಿಗೆ ಹೇಳು. ಆಮೇಲೆ ನನ್ನ ಹತ್ತಿರ ಬಾ" ಅಂದರು. ಅವತ್ತಿನಿಂದ ನಾಲ್ಕು ದಿನ, ಒಂದು ಮಾತಿಲ್ಲ. ತಟ್ಟೆಗೆ ಬಡಿಸುತ್ತಾರೆ, ಮುಖ ನೋಡುವುದಿಲ್ಲ. ಬಾಗಿಲಲ್ಲಿ ಎದುರಾದರೆ ನಿಂತು ದಾರಿ ಬಿಡುತ್ತಾರೆ, ಪರಕೀಯನಿಗೆ ಬಿಡುವ ಹಾಗೆ. ಮನೆಯಲ್ಲಿ ಇಬ್ಬರೇ ಇದ್ದೇವೆ. ಗಡಿಯಾರದ ಸದ್ದು ಕೂಡ ನನ್ನನ್ನು ಬೆಚ್ಚಿಬೀಳಿಸುತ್ತದೆ.

ನಿನಗೆ ಹೇಳಬೇಕಾದರೆ ಕ್ಯಾಮೆರಾ ವಿಷಯವನ್ನೂ ಮುಗಿಸಿಯೇ ಹೇಳಬೇಕು ಅನ್ನಿಸಿತು, ಇಲ್ಲದಿದ್ದರೆ ಅದೂ ಒಂದು ನೆಪವಾಗಿ ಉಳಿಯುತ್ತದೆ. ಟೆಲಿಸ್ಕೋಪಿನ ತೂತಿನ ಅಳತೆ ಬೇಕಿತ್ತು. ನಿನ್ನೆ ಸಂಜೆ, ಇನ್ನೂ ಬಿಸಿಲಿರುವಾಗಲೇ, ದೀಪವನ್ನೂ ಹಾಕಿಕೊಂಡು ಮೆಟ್ಟಿಲ ಹತ್ತಿರ ಹೋದೆ. ಟೆಲಿಸ್ಕೋಪು ಇಟ್ಟಿರುವ ಟೆರೇಸಿನ ಕೋಣೆಯ ಬೀಗವನ್ನು ಏಳು ತಿಂಗಳಿಂದ ತೆಗೆದಿರಲಿಲ್ಲ. ಹತ್ತು ಮೆಟ್ಟಿಲು ಸರಿಯಾಗಿ ಹತ್ತಿದೆ. ಹನ್ನೊಂದನೆಯದಕ್ಕೆ ಕಾಲು ಏಳಲಿಲ್ಲ. ಅವತ್ತು ಅಲ್ಲೇ ನಿನ್ನ ಚಪ್ಪಲಿ ಸಿಕ್ಕಿದ್ದು. ಕೂತೆ. ಕೂತುಕೊಂಡೇ, ಕೈ ಊರಿ ಊರಿ, ಮಕ್ಕಳು ಹತ್ತುವ ಹಾಗೆ ಉಳಿದದ್ದನ್ನು ಹತ್ತಿದೆ. ಬಟ್ಟೆ ತೆಗೆಯಲು ಬಂದ ಎರಡನೇ ಮಹಡಿಯ ಅಜ್ಜಿ "ಏನಾಯ್ತೋ ಮಗಾ, ಕಾಲು ಉಳುಕಿತಾ?" ಅಂತ ಕೇಳಿದರು. "ಇಲ್ಲ ಅಜ್ಜಿ, ಹೆದರಿಕೆ" ಅಂದೆ. ಅವರು ಬಟ್ಟೆ ಮಡಿಸುತ್ತಾ ನಾನು ಇಳಿಯುವವರೆಗೂ ಅಲ್ಲೇ ನಿಂತಿದ್ದರು.

ಅಳತೆ ತೆಗೆದೆ. ಒಂದೂಕಾಲು ಇಂಚು. ಚಿಕ್ಕದು ಸರಿಯಾಗಿ ಕೂರುತ್ತದೆ.

ಹಾಗಾಗಿ ಈಗ ನಿಜವಾಗಿ ಆರಿಸಿದ್ದೇನೆ: ಚಿಕ್ಕದು, ಬಣ್ಣದ್ದು, ಫ್ಯಾನಿಲ್ಲದ್ದು. ನಮ್ಮ ಸ್ಟ್ಯಾಂಡಿಗೆ ಅದರ ಭಾರ ಗೊತ್ತೇ ಆಗುವುದಿಲ್ಲ. ಹತ್ತು ಸೆಕೆಂಡಿನ ಚಿತ್ರಗಳಿಗೆ ತಣ್ಣಗಿಡುವ ಯಂತ್ರ ಬೇಕಾಗಿಲ್ಲ. ಗಾಜು ಬದಲಿಸುವ ತಾಪತ್ರಯವಿಲ್ಲ, ಮೊದಲ ದಿನವೇ ಬಣ್ಣ ಕಾಣುತ್ತದೆ. ಅದರೊಳಗೆ ಬೆಳಕು ಬೀಳುವ ಫಲಕ ಇನ್ನೂ ಚಿಕ್ಕದಾದರೆ ಆಕಾಶದ ಸೂಜಿಮೊನೆಯಷ್ಟು ಜಾಗ ಮಾತ್ರ ಕಂಡು ಹುಡುಕುವುದೇ ಕೆಲಸವಾಗುತ್ತದೆ. ತೀರಾ ದೊಡ್ಡದಾದರೆ ನಮ್ಮ ಟೆಲಿಸ್ಕೋಪಿನ ಅಂಚಿನ ನಕ್ಷತ್ರಗಳಿಗೆಲ್ಲ ಬಾಲ ಬರುತ್ತದೆ. ಇದು ನಡುವಿನದು. ಮೊದಲ ಕ್ಯಾಮೆರಾಕ್ಕೆ ಇಷ್ಟು ಸಾಕು. ಮತ್ತೆ ಇದಕ್ಕೆ ಕತ್ತಲೆ ಬೇಕಾಗಿಲ್ಲ. ಯಾರು ಬೇಕಾದರೂ ಬರಬಹುದು, ದೀಪ ಹಾಕಬಹುದು.

ಆದರೆ ತರಿಸಿಲ್ಲ. ಇದೆಲ್ಲ ತಿಳಿಯದೆ ನೀನು "ಹೂಂ" ಅಂದ ಮಾತಿನ ಮೇಲೆ ನಾನು ತರಿಸಲಾರೆ. ಯಾರ ಕೈಯಿಂದ ಆಕಾಶ ನೋಡುತ್ತಿದ್ದೇನೆ ಅಂತ ನಿನಗೆ ಗೊತ್ತಿರಬೇಕು. ನನ್ನ ಕೈ ಬೇಡ ಅನ್ನಿಸಿದರೆ ಹೇಳು. ಸ್ಟ್ಯಾಂಡು ಇಡುವುದರಿಂದ ಹಿಡಿದು ನಿನ್ನ ಫೋನಿಗೆ ಚಿತ್ರ ಕಳಿಸುವವರೆಗೆ ಒಂದೊಂದನ್ನೂ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ, ಅಪ್ಪ ಒಬ್ಬರೇ ಮಾಡಬಹುದು. ಅವರಿಗೆ ಯಂತ್ರ ಹೊಸದಲ್ಲ. ಟೆಲಿಸ್ಕೋಪೇ ಬೇಡ, ಮಾರಿಬಿಡು ಅಂದರೆ ಅದೂ ಸರಿ, ಅದು ನಿನ್ನದು.

ನನ್ನ ಹೆದರಿಕೆ ಏನು ಅಂತಲೂ ಬರೆದುಬಿಡುತ್ತೇನೆ. ನೀನು ಬೈಯುತ್ತೀಯ ಅಂತಲ್ಲ. ಬಲ್ಬಿನದನ್ನು ನೀನು ಕ್ಷಮಿಸಿಬಿಡಬಹುದು, ನೀನು ಹಾಗೇ. "ಹುಡುಗಬುದ್ಧಿ, ಹೋಗಲಿ ಬಿಡಿ" ಅಂತ ಅಮ್ಮನ ಎದುರು ನನ್ನ ಪರವಾಗಿ ಮಾತಾಡಲೂಬಹುದು. ಆ ಮೂರು ಉಸಿರನ್ನು ಏನು ಮಾಡುತ್ತೀಯ ಅಂತ ನನಗೆ ಹೆದರಿಕೆ. ಅದು ಹುಡುಗಬುದ್ಧಿಯಲ್ಲ. ಆ ಹೊತ್ತಿನಲ್ಲಿ ನಿನಗಿಂತ ಅದು ನನಗೆ ಹೆಚ್ಚಾಗಿತ್ತು. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಬರೆಯದಿದ್ದರೆ ನಿನಗೂ ಗೊತ್ತಾಗುತ್ತಿರಲಿಲ್ಲ. ಬರೆಯದೆ ಇದ್ದು ನಿನಗೆ ನಕ್ಷತ್ರ ತೋರಿಸುತ್ತಾ ಕೂತಿದ್ದರೆ, ನೀನು ಪ್ರತಿ ಸಲ "ಎಷ್ಟು ಚೆನ್ನಾಗಿದೆಯೋ" ಅಂದಾಗಲೂ ನಾನು ಕಳ್ಳನೇ ಆಗಿರುತ್ತಿದ್ದೆ.

ಉತ್ತರ ಬೇಗ ಬರಬೇಕು ಅಂತಿಲ್ಲ. ಒಂದೇ ಒಂದು ಬೇಡಿಕೆ: ಸುಮ್ಮನಿರಬೇಡ. ಒಂದೇ ಸಾಲಾದರೂ ಬರೆ, ಕೆಟ್ಟ ಸಾಲೇ ಆಗಲಿ. ಈ ಮನೆಯಲ್ಲಿ ನಾಲ್ಕು ದಿನದಿಂದ ಇರುವ ಮೌನ ಎರಡು ಕಡೆಯಿಂದಲೂ ಬಂದರೆ ನಾನು ತಾಳಲಾರೆ. ಈಗ ಅಂಚೆ ಡಬ್ಬಿಗೆ ಹೋಗಿ ಬರುತ್ತೇನೆ. ಬಂದ ಮೇಲೆ ಅಪ್ಪನ ಹತ್ತಿರ ಹೋಗಿ "ಹೇಳಿದೆ" ಅನ್ನಬೇಕು. ಮೂರು ಉಸಿರಿನದನ್ನು ಅವರಿಗೂ ಹೇಳಬೇಕು. ಅವರು ಪಂಪಿನ ಕೋಣೆಯಲ್ಲಿದ್ದಾರೆ, ಸ್ಪ್ಯಾನರ್ ತಿರುಗಿಸುವ ಸದ್ದು ಇಲ್ಲಿಗೆ ಕೇಳುತ್ತಿದೆ.

ನಿನ್ನೆ ನೀನು ವಾಕರ್ ಹಿಡಿದು ಒಂಬತ್ತು ಹೆಜ್ಜೆ ಇಟ್ಟೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ನಾಳೆ ಹತ್ತಾಗಲಿ. ನನ್ನ ಮೇಲಿನ ಸಿಟ್ಟಿನಿಂದಲಾದರೂ ಸರಿ, ಹತ್ತಾಗಲಿ.

ಇತಿ, ತಪ್ಪು ಮಾಡಿದ
ನಿನ್ನ ತಮ್ಮ